ಮುಂದಿನ್ವರ್ಷ ಮಾಮ

ಅಕ್ಕನ ಮಕ್ಕಳು ಅವನಿಗಿಟ್ಟ ಹೆಸರು 'ಮುಂದಿನ್ವರ್ಷ ಮಾಮ'. ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಕೇಳಿದವರಿಗೆಲ್ಲ ಆರು ವರ್ಷ ಒಂದೇ ಉತ್ತರ ಕೊಟ್ಟು ಸಂಪಾದಿಸಿದ ಬಿರುದು ಅದು. ವಿಶ್ವವಿದ್ಯಾಲಯದ್ದು ಇನ್ನೂ ಬಾಕಿ ಇತ್ತು.

ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಹಿಂದಿನ ಕೋಣೆಯಲ್ಲಿ ಅವನದೊಂದು ಗಾಜಿನ ಕೊಳವೆ. ಅದರ ತುಂಬ ಕಡಲೆಕಾಯಿ ಸಿಪ್ಪೆ ಸುಟ್ಟು ಮಾಡಿದ ಇದ್ದಿಲು. ಮೇಲಿನಿಂದ ಬಟ್ಟೆ ಕಾರ್ಖಾನೆಯ ನೀಲಿ ನೀರು ಬಿಟ್ಟರೆ ಕೆಳಗೆ ತಿಳಿನೀರು ಬರಬೇಕು. ಎರಡು ವರ್ಷದ ಹಿಂದೆ ಒಮ್ಮೆ ಬಂದಿತ್ತು. ಆ ಹುರುಪಿನಲ್ಲಿ ಮದುವೆಗೂ ಒಪ್ಪಿಬಿಟ್ಟ. ಆಮೇಲೆ ಹೆಂಡತಿ ಬಂದಳು, ತಿಳಿನೀರು ಬರಲಿಲ್ಲ.

ಗೈಡ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಒಂದ್ಸಲ ಬಂದ್ರೆ ಅದೃಷ್ಟ ಕಣಪ್ಪ, ಮೂರು ಸಲ ಬಂದ್ರೆ ಥೀಸಿಸ್ಸು. ತಿಂಗಳ ಕೊನೆಗೆ ನಿನ್ನ ರಿಜಿಸ್ಟ್ರೇಷನ್ ಮುಗಿಯತ್ತೆ. ಆಮೇಲೆ ನನ್ನ ಕೈಲೇನೂ ಇಲ್ಲ."

ಅವನು ಸಿಪ್ಪೆ ಬದಲಿಸಿದ, ಶಾಖ ಬದಲಿಸಿದ, ಕೊನೆಗೆ ಕೊಳವೆಯನ್ನೇ ಬದಲಿಸಿದ. ನೀರು ನೀಲಿಯಾಗಿಯೇ ಇಳಿಯಿತು. ಹೆಂಡತಿ ಊಟದ ಡಬ್ಬಿ ಕೈಗಿಡುತ್ತ, "ಆ ನೀರಲ್ಲಿ ಬಟ್ಟೆ ಅದ್ದಿದ್ರೂ ಇಷ್ಟೊತ್ತಿಗೆ ಒಂದಂಗಡಿ ಇಡಬಹುದಿತ್ತು" ಎಂದಳು.

ಹತ್ತು ದಿನ ಉಳಿದಿತ್ತು. ಹಳೇ ನೋಟ್‌ಬುಕ್ ಹಿಡಿದು ಕೂತಿದ್ದವನ ಪಕ್ಕದಲ್ಲಿ, ನಿವೃತ್ತಿಗೆ ಹತ್ತಿರವಾಗಿದ್ದ ಅಟೆಂಡರ್ ಮೇಜು ಒರೆಸುತ್ತಿದ್ದ.

"ಅವತ್ತು ಬಂದಿದ್ದು ಈಗ್ಯಾಕೆ ಬರಲ್ಲ ಅಣ್ಣ?"

"ಅವತ್ತು ನಿಮಗೆ ಜ್ವರ ಸಾರ್. ಇದ್ದಿಲು ತೊಳೆದಿಟ್ಟಿದ್ದು ನಾನು."

"ಡಿಸ್ಟಿಲ್ಡ್ ವಾಟರಲ್ಲೇ ತಾನೇ?"

ಅಟೆಂಡರ್ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಂಡಿದ. "ನೀರು ಬಟ್ಟಿ ಇಳಿಸೋ ಮಷೀನು ಕೆಟ್ಟಿತ್ತಲ್ಲ ಸಾರ್. ನಲ್ಲಿ ನೀರಲ್ಲೇ ಮೂರು ಸಲ ತೊಳೆದೆ. ಬೈಬೇಡಿ."

ನೋಟ್‌ಬುಕ್ಕಿನಲ್ಲಿ ಇವನದೇ ಮುದ್ದಾದ ಅಕ್ಷರದಲ್ಲಿ 'ಡಿಸ್ಟಿಲ್ಡ್ ವಾಟರ್' ಎಂದಿತ್ತು. ಕಣ್ಣಾರೆ ನೋಡದ್ದನ್ನು ರೂಢಿಬಲದಿಂದ ಬರೆದಿದ್ದ. ನಲ್ಲಿಯದು ಬೋರ್‌ವೆಲ್ಲಿನ ಗಡಸು ನೀರು, ಪಾತ್ರೆಗೆ ಬಿಳಿ ಪದರ ಕಟ್ಟುವಂಥದ್ದು. ಆ ಸುಣ್ಣದಂಶವೇ ಇದ್ದಿಲಿಗೆ ಅಂಟಿಕೊಂಡು ನೀರಿನ ನೀಲಿ ಬಣ್ಣವನ್ನು ಹಿಡಿದಿಟ್ಟಿತ್ತು.

ಇದ್ದಿಲನ್ನು ನಲ್ಲಿ ನೀರಲ್ಲೇ ತೊಳೆದು ಮತ್ತೆ ಪ್ರಯೋಗ ಮಾಡಿದ. ಮೂರು ಸಲವೂ ತಿಳಿನೀರು ಬಂತು. ಸೀಸೆಗಳ ಜತೆಗೆ ತಪ್ಪನ್ನೂ ಮೇಡಂ ಮುಂದಿಟ್ಟ.

"ನಿನ್ನ ಬರಹಕ್ಕಿಂತ ಅಟೆಂಡರ್ ಹಿಡಿದ ನಲ್ಲಿ ನೀರೇ ವಾಸಿ" ಎಂದರು ಮೇಡಂ. "ತಪ್ಪನ್ನೂ ಬರಿ. ತೊಳೆದೋರು ಯಾರು ಅಂತಾನೂ ಬರಿ."

ಉಳಿದ ಅಧ್ಯಾಯಗಳು ಎರಡು ವರ್ಷದಿಂದ ಕಾಯುತ್ತ ಕೂತಿದ್ದವು. ತಿಂಗಳ ಕೊನೆಯ ದಿನ ಥೀಸಿಸ್ ಒಪ್ಪಿಸಿ, ಎದೆಯುಬ್ಬಿಸಿ ಅಕ್ಕನ ಮನೆಗೆ ಹೋದ.

"ಹಾಗಾದ್ರೆ ಡಾಕ್ಟರ್ ಆಗೋದು ಯಾವಾಗ ಮಾಮ?" ಎಂದಳು ಅಕ್ಕನ ಮಗಳು.

ಪರೀಕ್ಷಕರು ಓದಬೇಕು, ವರದಿ ಬರಬೇಕು, ಮೌಖಿಕ ಪರೀಕ್ಷೆ ಆಗಬೇಕು. ಅವನು ಬೆರಳು ಮಡಿಸಿ ತಿಂಗಳು ಎಣಿಸಿದ. ಮೊದಲ ಸಲ ಲೆಕ್ಕ ಹಾಕಿ, ನಿಜವನ್ನೇ ಹೇಳಿದ.

"ಮುಂದಿನ ವರ್ಷ."