ಚಪ್ಪಲಿ ಗೂಡಿನ ಹನ್ನೊಂದು ಮೊಟ್ಟೆಗಳು

ಮೊಟ್ಟೆಯೊಳಗಿನ ಕೋಳಿಮರಿಯ ಮೃದ್ವಸ್ಥಿ ಹೇಗೆ ಕರಗುತ್ತದೆ ಎಂದು ನೋಡುವುದು ಸಾಲ್ಟ್ ಲೇಕ್ ಬಡಾವಣೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮೃದ್ವಸ್ಥಿ ಎಂದರೆ ನಮ್ಮ ಕಿವಿಯೊಳಗಿರುವ ಮೆತ್ತನೆಯ ಎಲುಬಿನಂಥದ್ದು. ಮರಿಯ ಕಾಲು ಮೊದಲು ಅದರಲ್ಲೇ ಆಗುತ್ತದೆ. ಆಮೇಲೆ ಕೆಲವು ಜೀವಕೋಶಗಳು ಬಂದು ಅದನ್ನು ಮೆದ್ದುಬಿಡುತ್ತವೆ, ಆ ಜಾಗದಲ್ಲಿ ಗಟ್ಟಿ ಮೂಳೆ ಕೂರುತ್ತದೆ.

ಡಿಸೆಂಬರಿನ ಒಂದು ಶುಕ್ರವಾರ ಕಾವು ಪೆಟ್ಟಿಗೆ ಕೆಟ್ಟಿತು. ರಿಪೇರಿಯವನು ಬರುವುದು ಸೋಮವಾರವೇ. ಒಳಗಿದ್ದ ಹನ್ನೊಂದು ಮೊಟ್ಟೆ ತಣ್ಣಗಾದರೆ ನನ್ನ ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅವನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ನನ್ನ ಮೀಸೆ ಕಂಡರೂ, ಉಬ್ಬಿದ ಹೊಟ್ಟೆಯನ್ನು ನೋಡಿ ಮುದುಕರೊಬ್ಬರು ಎದ್ದು ಜಾಗ ಬಿಟ್ಟರು.

ಮೈಸೂರಿನಿಂದ ಬಂದಿದ್ದ ಅಮ್ಮ ಕಸ್ಬಾ ಬಡಾವಣೆಯ ನನ್ನ ಮನೆಯ ಬಾಗಿಲಲ್ಲೇ ತಡೆದಳು. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವವಳು ಅವಳು.

"ಮೊಟ್ಟೆ ಹೊಸಿಲು ದಾಟಿದ್ರೆ ನಾನು ನಾಳೆನೇ ರೈಲು ಹತ್ತುತೀನಿ!"

"ಚಳಿಗೆ ಸತ್ತೋಗ್ತವಮ್ಮ. ಜೀವ ಇದೆ."

ಜೀವ ಎಂದದ್ದೇ ತಡ, ಅಮ್ಮ ಕರಗಿದಳು. ಆದರೂ ಹೊಸಿಲು ಬಿಟ್ಟುಕೊಡಲಿಲ್ಲ. ಬಾಗಿಲಾಚೆಯ ಚಪ್ಪಲಿ ಗೂಡನ್ನು ಖಾಲಿ ಮಾಡಿಸಿದಳು. ಈ ಊರಿನ ಚಳಿಗೆ ಹಾಲು ಹೆಪ್ಪಾಗದೆ, ಅವಳು ದಿನವೂ ಪಾತ್ರೆಗೆ ನನ್ನ ಮಂಕಿ ಕ್ಯಾಪ್ ತೊಡಿಸುತ್ತಿದ್ದಳು. ಈಗ ಅದು ಮೊಟ್ಟೆಗಳಿಗೆ ಬಂತು, ಕೆಳಗೊಂದು ಬಿಸಿನೀರಿನ ಚೀಲ. ಹಾಲಿನ ಬಿಸಿ ನೋಡುವ ಅದೇ ಮಣಿಕಟ್ಟಿನಿಂದ ಕಾವು ನೋಡಿದಳು. ನನ್ನ ಥರ್ಮಾಮೀಟರ್ ಅವಳ ಮಾತನ್ನು ಒಮ್ಮೆಯೂ ಸುಳ್ಳಾಗಿಸಲಿಲ್ಲ. ಮೊಟ್ಟೆ ಮುಟ್ಟಿದಾಗೆಲ್ಲ ಮಿಂದು, ಭಾನುವಾರದ ಹೊತ್ತಿಗೆ ಅವಳಿಗೆ ಏಳು ಸ್ನಾನವಾಗಿತ್ತು.

"ಇವನ್ನೆಲ್ಲ ಏನ್ ಮಾಡ್ತೀಯೋ?"

"ಒಡೆದು ಕಾಲು ನೋಡ್ಬೇಕು."

ಅವಳು ಮಂಕಿ ಕ್ಯಾಪನ್ನು ಮೊಟ್ಟೆಗಳ ಮೇಲೆ ಇನ್ನಷ್ಟು ಎಳೆದಳು.

ಸೋಮವಾರ ಬೆಳಿಗ್ಗೆ ಹತ್ತೇ ಮೊಟ್ಟೆ ಇದ್ದವು. "ಒಂದು ಕೈಜಾರಿ ಬಿತ್ತು ಕಣೋ," ಎಂದಳು, ನನ್ನ ಮುಖ ನೋಡದೆ. ನನ್ನ ಮಂಕಿ ಕ್ಯಾಪೂ ಕಾಣೆಯಾಗಿತ್ತು. ಹತ್ತನ್ನೂ ಪ್ರಯೋಗಾಲಯಕ್ಕೆ ಒಯ್ದು ಒಡೆದೆ, ಕಾಲುಗಳಿಗೆ ಬಣ್ಣ ಹಾಕಿದೆ. ಮೃದ್ವಸ್ಥಿ ನೀಲಿ, ಮೂಳೆ ಕೆಂಪು. ನೀಲಿಯೊಳಗೆ ಮೆದ್ದ ಗುರುತುಗಳು ಚೆನ್ನಾಗಿ ಕಂಡವು. ನನಗೆ ಹಿಗ್ಗೋ ಹಿಗ್ಗು.

ಹತ್ತು ದಿನ ಪ್ರಯೋಗಾಲಯದಲ್ಲೇ ಕಳೆದು ಮನೆಗೆ ಬಂದರೆ ಚಪ್ಪಲಿ ಗೂಡಿನಿಂದ ಕಿಚಿಕಿಚಿ ಸದ್ದು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಅಮ್ಮ. ಮಂಕಿ ಕ್ಯಾಪಿನ ಮುಖದ ಕಿಂಡಿಯಿಂದ ಒಂದು ಹಳದಿ ತಲೆ ಹೊರಬಂತು. ಮರಿ ಇಳಿದು, ತೂರಾಡುತ್ತ ಸೀದಾ ಮನೆಯೊಳಗೆ ನಡೆಯಿತು.

"ಅಮ್ಮ, ಹೊಸಿಲು!"

"ಮೊಟ್ಟೆ ದಾಟಬಾರ್ದು ಅಂದಿದ್ದೆ. ಇದು ಮೊಟ್ಟೆನಾ?"

ಮರಿ ತಿರುಗಿ ಬಂದು ನನ್ನ ಪಾದದ ಮೇಲೆ ಹತ್ತಿ ನಿಂತಿತು. ಹತ್ತು ಜೊತೆ ಕಾಲು ನೋಡಿ ಹಿಗ್ಗಿದವನಿಗೆ ತಲೆ ಬಗ್ಗಿಸಿ ಅದನ್ನು ನೋಡಲು ನಾಚಿಕೆಯಾಯಿತು.

"ಕಾಲು ನೋಡ್ಬೇಕು ಅಂತಿದ್ಯಲ್ಲ," ಎಂದಳು ಅಮ್ಮ. "ನೋಡ್ಕೋ."