ಹೊರಚಾಚಿದ ಚಕ್ರಗಳು

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೊಗೆಸೊಪ್ಪಿನ ವ್ಯಾಪಾರಿಗೆ ತಮ್ಮ ಕಾರಿನ ಹಿಂದಿನ ಚಕ್ರಗಳು ತೀರಾ ಒಳಗಿವೆ ಎಂಬುದೇ ದೊಡ್ಡ ಚಿಂತೆಯಾಗಿತ್ತು. "ಗಾಡಿ ಅಂದ್ಮೇಲೆ ಗತ್ತಿರ್ಬೇಕು ಕಣ್ರೀ," ಎಂದು ಮೀಸೆ ಸವರುತ್ತಿದ್ದರು. ಕೊನೆಗೆ ಚಕ್ರಗಳನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಎಂಬ ದಪ್ಪ ಬಿಲ್ಲೆಗಳನ್ನು ತಂದು ತಾವೇ ಕೂರಿಸಿದರು. ಇದಕ್ಕೆ ಬೋಲ್ಟಿನ ಉದ್ದ ಸಾಲದು ಎಂದ ಮೆಕ್ಯಾನಿಕ್‌ಗೆ ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿದರು.

ಮರುದಿನ ಹೆಂಡತಿಯೊಂದಿಗೆ ಹನಗೋಡಿಗೆ ಹೊರಟವರು ನನ್ನನ್ನೂ ಹತ್ತಿಸಿಕೊಂಡರು. ದಾರಿಯಲ್ಲಿ ಹಿಂದಿನಿಂದ ಗಡಗಡ ಸದ್ದು ಬಂತು. ಅವರು ತಕ್ಷಣ ರಿಪೇರಿಗೆ ಕೈಹಾಕಿದರು. ಹಾಡಿನ ಸದ್ದು ಜೋರು ಮಾಡಿದರು. ಹೆಂಡತಿ ಹಾಡು ಬಂದ್ ಮಾಡಿ, "ನಿಲ್ಸಿ ಗಾಡೀನ," ಎಂದರು. ಇಳಿದು ನೋಡಿದರೆ ನಟ್ಟುಗಳು ಬೋಲ್ಟಿನ ತುದಿಗೆ ಶಿಷ್ಟಾಚಾರಕ್ಕೆಂಬಂತೆ ಅಂಟಿಕೊಂಡಿದ್ದವು. ಒಂದನ್ನು ನಾನು ಬೆರಳಲ್ಲೇ ಬಿಚ್ಚಿದೆ.

"ಗತ್ತಾಗಿ ನೀವೇ ಬನ್ನಿ, ನಾನು ಬಸ್ಸಲ್ಲಿ ಬತ್ತೀನಿ," ಎಂದು ಆಕೆ ರಸ್ತೆ ದಾಟಿದರು. ನಾನೂ ನಾಚಿಕೆಯಿಲ್ಲದೆ ಹಿಂಬಾಲಿಸಿದೆ.

ಆಮೇಲೆ ಅದೇ ಮೆಕ್ಯಾನಿಕ್ ಚಕ್ರ ಕೂರುವ ಜಾಗದ ತುಕ್ಕು ಉಜ್ಜಿ, ಉದ್ದನೆಯ ಬೋಲ್ಟು ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದುಕೊಟ್ಟ. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿ ನೋಡಬೇಕೆಂದೂ ಹೇಳಿದ. ಅಂದಿನಿಂದ ನಮ್ಮ ವ್ಯಾಪಾರಿ ಇಸ್ತ್ರಿ ಪಂಚೆಯಲ್ಲೇ ರಸ್ತೆ ಬದಿ ಮಂಡಿಯೂರಿ, ಸ್ಪ್ಯಾನರ್ ಹಿಡಿದು ಬೆವರುವುದು ಬೀದಿಗೇ ಪರಿಚಿತ ದೃಶ್ಯವಾಯಿತು. ಹೆಂಡತಿ ಕಾರಿನ ಬಾಗಿಲು ಹಿಡಿದು, ಹತ್ತದೆ ನಿಂತಿರುತ್ತಿದ್ದರು.

"ಎಲ್ಲಾ ಬಿಗಿಯಾಗವೆ, ಹತ್ತು ಮತ್ತೆ," ಎನ್ನುವರು ಇವರು.

"ಇನ್ನೊಂದ್ ಸತಿ ನೋಡಿ."

ಇವರು ಮತ್ತೆ ಸ್ಪ್ಯಾನರ್ ಎತ್ತಿಕೊಂಡು ಇನ್ನೊಂದು ಸಲ ನೋಡುವರು.