ನೋವು ವಿಚಾರಿಸುವವರು

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಿಗೆ ಅವರನ್ನು ಕರೆದೊಯ್ಯುತ್ತಿದ್ದುದು ನನ್ನ ಬಾಡಿಗೆ ಜೀಪು. ಅವರು ವಿಮಾ ಕಂಪನಿಯ ತಪಾಸಣೆಯವರು. ಔಷಧಿ ಅಂಗಡಿಗಳು ಯಾರ ಹೆಸರಿನಲ್ಲಿ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆಯ ಕ್ಲೇಮು ಹಾಕಿವೆಯೋ, ಆ ರೋಗಿ ನಿಜಕ್ಕೂ ಅದನ್ನು ನುಂಗುತ್ತಿದ್ದಾನೆಯೇ ಎಂದು ನೋಡುವುದು ಅವರ ಕೆಲಸ. ಹಾಸಿಗೆಯ ಬಳಿ ಕೂತು, ರೋಗಿಯ ಕಾಲಿನ ಹೆಬ್ಬೆರಳು ಹಿಡಿದು, ಎಲ್ಲ ಮನೆಯಲ್ಲೂ ಅದೊಂದನ್ನೇ ಕೇಳುತ್ತಿದ್ದರು: "ಹೊಟ್ಟೆ ಸರಿಯಾಗಿ ಹೋಗ್ತದಾ?" ಆ ಮಾತ್ರೆ ತಿಂದವರಿಗೆ ಮಲ ಕಟ್ಟುತ್ತದೆ. ಹೋಗ್ತದೆ ಎಂದವರ ಮನೆಯಲ್ಲಿ, ಕ್ಲೇಮು ಸುಳ್ಳೆಂದು ತಿಳಿದು, ಅವರು ಚಹಾ ಕುಡಿಯದೆ ಎದ್ದುಬಿಡುತ್ತಿದ್ದರು.

ನಿಟ್ಟೂರಿನ ಹತ್ತಿರದ ಒಂದು ಮನೆಯಲ್ಲಿ ಮನೆಯಾಕೆ, "ನಮ್ಮನೆಯವ್ರು ದೀಪಾವಳಿಗೆ ಮುಂಚೆನೇ ತೀರ್ಕೊಂಡ್ರಲ್ಲ" ಎಂದರು. ಕ್ಲೇಮು ಮಾತ್ರ ಹೋದ ತಿಂಗಳೂ ಬಂದಿತ್ತು. ತಪಾಸಣೆಯವರು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಸತ್ತವರ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದರು.

"ನಾನೇ, ಹೇಳಿ" ಎಂದಿತು ಒಂದು ಗಂಡು ದನಿ.

"ಹೊಟ್ಟೆ ಸರಿಯಾಗಿ ಹೋಗ್ತದಾ?"

"ಹೋಗ್ತದೆ. ಏನೂ ತೊಂದ್ರೆ ಇಲ್ಲ."

ತಪಾಸಣೆಯವರು ಕರೆ ಕಟ್ ಮಾಡಲು ಬೆರಳು ಚಾಚಿದರು. ಮನೆಯಾಕೆ ಆ ಕೈ ತಡೆದರು. "ಇದು ಅವ್ರ ದನಿ ಅಲ್ಲ" ಎಂದು ನಮಗೆ ಮೆಲ್ಲಗೆ ಹೇಳಿ, ಆದರೂ ಫೋನಿನ ಹತ್ತಿರ ಬಾಗಿದರು.

"ನೋವು ಈಗ ಹ್ಯಾಂಗಿದೆ ನಿಮ್ಗೆ?"



"ಈಗ ನೋವಿಲ್ಲ" ಎಂದಿತು ಆ ದನಿ.

ಆಕೆ ಒಳಗೆ ಹೋಗಿ ಚಹಾ ಮಾಡಿ ತಂದರು. ತಪಾಸಣೆಯವರಿಗೊಂದು ಲೋಟ ಕೊಟ್ಟು, ನನಗೊಂದು ಕೊಟ್ಟು, ಇನ್ನೊಂದನ್ನು ಫೋನಿನ ಮುಂದಿಟ್ಟರು. ಕರೆ ಇನ್ನೂ ಕಟ್ ಆಗಿರಲಿಲ್ಲ.